ಅಂಗಡಿ ಮುಂದೆ ಒಂದು ಸುತ್ತು ಸಾಕೇ? ಎಂಟಿಬಿ ಕೊಳ್ಳುವ ಮುನ್ನ ಓಡಿಸಿ ನೋಡುವ ಬಗೆ

ಪ್ರಶ್ನೆ: ನಾನು ಹಾಸನದವನು. ಎತ್ತರ 5 ಅಡಿ 7 ಇಂಚು, ತೂಕ 74 ಕೆ.ಜಿ. ಭಾನುವಾರ ಸಕಲೇಶಪುರದ ಕಡೆ ಕಾಫಿ ತೋಟದ ಮಣ್ಣು ರಸ್ತೆಗಳಲ್ಲಿ ಓಡಿಸಲು, ಮಿಕ್ಕ ದಿನ ಊರೊಳಗಿನ ಓಡಾಟಕ್ಕೆ ಒಂದು ಎಂಟಿಬಿ (ಮೌಂಟನ್ ಬೈಕ್) ಬೇಕು. ಬಜೆಟ್ 45ರಿಂದ 50 ಸಾವಿರ. ನನಗೆ ಹಿಡಿಸಿರುವ ಸೈಕಲ್ ಬೆಂಗಳೂರಿನ ಒಂದು ಅಂಗಡಿಯಲ್ಲಿ ಎಂ, ಎಲ್ ಎರಡೂ ಸೈಜಿನಲ್ಲಿದೆ. ಅದೇ ಮಾಡೆಲ್ ಆನ್‌ಲೈನ್‌ನಲ್ಲಿ 6 ಸಾವಿರ ಕಡಿಮೆ. ಓಡಿಸಿ ನೋಡಲೆಂದೇ 180 ಕಿ.ಮೀ. ಹೋಗಬೇಕೇ? ಅಂಗಡಿಯವರು ಎದುರಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದರೆ ಗೊತ್ತಾಗುತ್ತದೆ ಎನ್ನುತ್ತಾರೆ.

ಉತ್ತರ: ಹೋಗಿ. ಆದರೆ ಎದುರಿನ ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಬರುವುದಷ್ಟೇ ಆದರೆ ಬಸ್ ಚಾರ್ಜು ದಂಡ. ಮೈಗೆ ಹೊಂದಿಸದ ಸೈಕಲ್ಲನ್ನು ಐದು ನಿಮಿಷ ಓಡಿಸಿ ತೀರ್ಮಾನಕ್ಕೆ ಬರುವುದಕ್ಕಿಂತ ಓಡಿಸದೆ ಅಳತೆಪಟ್ಟಿ ನೋಡಿ ಕೊಳ್ಳುವುದೇ ಎಷ್ಟೋ ವಾಸಿ.

ಯಾಕೆಂದರೆ ಶೋರೂಮಿನಲ್ಲಿ ನಿಂತ ಸೈಕಲ್ ಯಾರಿಗೂ ಹೊಂದಿಸಿದ್ದಲ್ಲ. ಯಾರು ಹತ್ತಿದರೂ ಕಾಲು ನೆಲಕ್ಕೆ ತಾಗಲಿ ಎಂದು ಸೀಟನ್ನು ಕೆಳಗಿಳಿಸಿರುತ್ತಾರೆ. ನಿಂತಲ್ಲೇ ವಾರ ಕಳೆದರೂ ಮೆತ್ತಗಾಗದಿರಲೆಂದು ಟಯರಿಗೆ 45-50 ಪಿಎಸ್‌ಐ ಗಾಳಿ ಹೊಡೆದಿರುತ್ತಾರೆ. ಬ್ರೇಕ್ ಪ್ಯಾಡು ಹೊಸದು, ಇನ್ನೂ ಸರಿಯಾಗಿ ಕಚ್ಚುವುದಿಲ್ಲ. ಇಂಥ ಸ್ಥಿತಿಯಲ್ಲಿ ನುಣುಪು ಡಾಂಬರಿನ ಮೇಲೆ ಓಡಿಸಿದರೆ ಚೆನ್ನಾಗಿದೆ ಅನ್ನಿಸುವುದು ಹ್ಯಾಂಡಲ್ ಎತ್ತರವಿರುವ, ಸೀಟು ದಪ್ಪಗಿರುವ, ಮುಂದಿನ ಫೋರ್ಕ್ (ಮುಂಚಕ್ರ ಹಿಡಿದಿರುವ ಸ್ಪ್ರಿಂಗಿನ ಕವಲು) ಸುಲಭವಾಗಿ ಕುಸಿಯುವ ಸೈಕಲ್. ಹಿಂದೆಯೂ ಸ್ಪ್ರಿಂಗ್ ಇರುವ ಅಗ್ಗದ ಡಬಲ್ ಸಸ್ಪೆನ್ಷನ್ ಸೈಕಲ್ಲಂತೂ ಪಾರ್ಕಿಂಗ್ ಜಾಗದಲ್ಲಿ ಸೋಫಾ ಇದ್ದಂತೆ ಇರುತ್ತದೆ. ತೋಟದ ಏರಿನಲ್ಲಿ ಅದೇ ಸ್ಪ್ರಿಂಗ್ ನಿಮ್ಮ ತುಳಿತವನ್ನು ನುಂಗುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕೀಲುಗಳ (ಪಿವಟ್) ಬುಷ್ ಸವೆದು ಹಿಂಭಾಗ ಆಡತೊಡಗುತ್ತದೆ. ನಿಮ್ಮ ಬಜೆಟ್ಟಿಗೆ ಹಿಂದೆ ಸ್ಪ್ರಿಂಗ್ ಇಲ್ಲದ ಹಾರ್ಡ್‌ಟೇಲೇ ಸರಿ. ಅಂಗಡಿಯಲ್ಲಿ ಬೇರೆ ಏನಾದರೂ ತೋರಿಸಿ ಮನಸ್ಸು ತಿರುಗಿಸಲು ನೋಡಿದರೆ ಜಗ್ಗಬೇಡಿ.

ಓಡಿಸಿ ನೋಡಿದಾಗ ನಿಜಕ್ಕೂ ತಿಳಿಯುವುದು ಮೂರೇ ವಿಷಯ. ಯಾವ ಸೈಜು ನಿಮ್ಮದು ಎಂಬುದು ಒಂದು. ಕಡಿದಾದ ಏರಿನಲ್ಲಿ, ಇಳಿಜಾರಿನಲ್ಲಿ, ನಿಧಾನದ ತಿರುವಿನಲ್ಲಿ ಸೈಕಲ್ ನಿಮ್ಮ ಮಾತು ಕೇಳುತ್ತದೆಯೇ ಎಂಬುದು ಇನ್ನೊಂದು. ನಿಮ್ಮ ಕೈಗೆ ಬರಲಿರುವ ಈ ಒಂದು ಸೈಕಲ್ಲನ್ನು ಮೆಕ್ಯಾನಿಕ್ ನೆಟ್ಟಗೆ ಜೋಡಿಸಿದ್ದಾನೆಯೇ ಎಂಬುದು ಮೂರನೆಯದು. ಹಬ್ (ಚಕ್ರದ ನಡುಭಾಗ) ಎಷ್ಟು ವರ್ಷ ಬಾಳುತ್ತದೆ, ಫೋರ್ಕಿನೊಳಗೆ ನೀರು ಹೋಗುತ್ತದೆಯೇ, ಎರಡು ಗಂಟೆ ಕೂತರೆ ಸೀಟು ನೋಯಿಸುತ್ತದೆಯೇ ಎಂಬುದಕ್ಕೆಲ್ಲ ಅಲ್ಲಿ ಉತ್ತರ ಸಿಗದು. ಕೆಲವನ್ನು ಕಣ್ಣಿಂದ ನೋಡಿ ತಿಳಿಯಬಹುದು, ಅದನ್ನು ಆಮೇಲೆ ಹೇಳುತ್ತೇನೆ.

ಹೊರಡುವ ಮುನ್ನ

ಅಂಗಡಿಗೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಎಂ, ಎಲ್ ಎರಡೂ ಜೋಡಿಸಿ ಸಿದ್ಧವಾಗಿವೆಯೇ, ಅಥವಾ ಒಂದು ಇನ್ನೂ ಡಬ್ಬದಲ್ಲಿದೆಯೇ? ಒಂದೊಂದನ್ನೂ 20 ನಿಮಿಷ ಓಡಿಸಲು ಬಿಡುತ್ತೀರಾ? ಗುರುತಿನ ಚೀಟಿಯೋ ಅಡ್ವಾನ್ಸೋ ಇಡಬೇಕೇ? ಓಡಿಸುವಾಗ ಗೀರು ಬಿದ್ದರೆ ಲೆಕ್ಕ ಹೇಗೆ? ಕೊನೆಯದನ್ನು ಕೇಳಲು ಸಂಕೋಚ ಬೇಡ. ಹೊಸದಾಗಿ ಮಾರಬೇಕಾದ ಸೈಕಲ್ಲನ್ನು ಮಣ್ಣಿಗೆ ಒಯ್ಯಲು ಅವರು ಬಿಡುವುದಿಲ್ಲ, ಅದು ನ್ಯಾಯವೇ. ಡಾಂಬರು, ಪಾರ್ಕಿಂಗ್ ಇಳಿಜಾರು, ಒಂದಿಷ್ಟು ಜಲ್ಲಿ ನೆಲ, ಇಷ್ಟು ಸಿಕ್ಕರೆ ನಿಮ್ಮ ಕೆಲಸ ಆಗುತ್ತದೆ. ಭಾನುವಾರ ಸಂಜೆ ಹೋಗಬೇಡಿ. ವಾರದ ದಿನ ಅಂಗಡಿ ತೆರೆದ ಹೊತ್ತಿಗೆ ಹೋದರೆ ಮೆಕ್ಯಾನಿಕ್‌ಗೂ ಪುರುಸೊತ್ತು ಇರುತ್ತದೆ.

ಮನೆಯಲ್ಲೇ ಕಾಲಿನ ಒಳ ಅಳತೆ ತೆಗೆದಿಟ್ಟುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಗಟ್ಟಿ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಸೀಟಿನಂತೆ ಬಿಗಿಯಾಗಿ ಮೇಲೊತ್ತಿ, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಆ ಅಂಕಿಯನ್ನು 0.883ರಿಂದ ಗುಣಿಸಿದರೆ, ಪೆಡಲ್ ಹೊತ್ತ ತೋಳು, ಅಂದರೆ ಕ್ರ್ಯಾಂಕ್, ತಿರುಗುವ ನಡುಮಧ್ಯದಿಂದ ಸೀಟಿನ ಮೇಲ್ಭಾಗದವರೆಗೆ ಎಷ್ಟು ಎತ್ತರ ಇರಬೇಕೆಂಬುದು ಸಿಗುತ್ತದೆ. ಒಳ ಅಳತೆ 78 ಸೆಂ.ಮೀ. ಇದ್ದರೆ ಸೀಟಿನ ಎತ್ತರ ಸುಮಾರು 69 ಸೆಂ.ಮೀ. ಇದು ರೋಡ್ ಸೈಕಲ್ಲಿನವರ ಲೆಕ್ಕ. ಮಣ್ಣು ರಸ್ತೆಗೆ ಒಂದು ಸೆಂಟಿಮೀಟರ್ ಇಳಿಸಿಕೊಂಡರೆ ಒಳ್ಳೆಯದು.

ಜೊತೆಗೆ ಒಯ್ಯಬೇಕಾದದ್ದು: ಓಡಿಸುವಾಗ ಹಾಕುವ ಶೂ, ಹೆಲ್ಮೆಟ್, ಅಳತೆ ಟೇಪು, ಗಾಳಿ ನೋಡುವ ಗೇಜು, 4, 5, 6 ಮಿ.ಮೀ. ಅಲನ್ ಕೀ, ಒಂದು ತೆಳು ಕೇಬಲ್ ಟೈ. ಭಾನುವಾರ ಬೆನ್ನಿಗೆ ಬ್ಯಾಗ್ ಹಾಕುವವರಾದರೆ ಅದೂ ಇರಲಿ. ಬ್ಯಾಗಿನ ಭಾರ ಕೈ ಮೇಲೆ ಬೀಳುವ ಒತ್ತಡವನ್ನೇ ಬದಲಿಸುತ್ತದೆ.

ಮೊದಲು ಹೊಂದಿಸುವುದು, ಆಮೇಲೆ ಹತ್ತುವುದು

ಸೀಟಿನ ಎತ್ತರ ಮೊದಲು. ಲೆಕ್ಕದ ಅಳತೆಗೆ ಏರಿಸಿ, ಗೋಡೆ ಹಿಡಿದು ಕೂತು, ಪೆಡಲ್ ತೀರಾ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ನೆಟ್ಟಗಾಗಬೇಕು. ಪಾದದ ಮುಂಭಾಗ ಇಟ್ಟಾಗ ಮಂಡಿ ಸ್ವಲ್ಪ ಬಾಗಿರಬೇಕು. ಸೀಟನ್ನು ಅದರಡಿಯ ಕಂಬಿಯ ಮಧ್ಯಕ್ಕೆ ಬರುವಂತೆ ಕೂರಿಸಿ. ಪೆಡಲ್‌ಗಳು ನೆಲಕ್ಕೆ ಸಮಾನಾಂತರವಾಗಿದ್ದಾಗ ಮುಂದಿನ ಕಾಲಿನ ಮಂಡಿಚಿಪ್ಪಿನ ಕೆಳಗಿನ ಉಬ್ಬು ಪೆಡಲ್ ಅಚ್ಚಿನ ನೇರಕ್ಕೆ ಬಂದರೆ ಸಾಕು. ಎರಡೂ ಸೈಕಲ್ಲಿನಲ್ಲಿ ಎತ್ತರ ಒಂದೇ ಇರಲಿ. ಒಂದರಲ್ಲಿ ಸೀಟು ಎರಡು ಇಂಚು ಕೆಳಗಿದ್ದರೆ ನೀವು ಹೋಲಿಸುವುದು ಸೀಟನ್ನೇ ಹೊರತು ಸೈಕಲ್ಲನ್ನಲ್ಲ.

ಗಾಳಿ ಇಳಿಸಿ. 74 ಕೆ.ಜಿ.ಯವರಿಗೆ, ಒಳಗೆ ಟ್ಯೂಬಿರುವ 2.2 ಇಂಚು ಅಗಲದ ಟಯರಾದರೆ ಮುಂದಕ್ಕೆ 28, ಹಿಂದಕ್ಕೆ 31 ಪಿಎಸ್‌ಐ ಸರಿಹೋಗುತ್ತದೆ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಕನಿಷ್ಠ ಮಿತಿಗಿಂತ ಕೆಳಗೆ ಹೋಗಬೇಡಿ. ತೀರಾ ಕಡಿಮೆಯಾದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿನಂಚಿಗೆ ಸಿಕ್ಕಿ ಜೋಡಿ ತೂತು ಬೀಳುತ್ತದೆ. ಅಂಗಡಿಯವರು ಮುಖ ನೋಡಬಹುದು, ನೋಡಲಿ. 48 ಪಿಎಸ್‌ಐನಲ್ಲಿ ಜಲ್ಲಿಯ ಮೇಲೆ ಎಲ್ಲ ಸೈಕಲ್ಲೂ ಒಂದೇ ರೀತಿ ಕುಣಿಯುತ್ತವೆ, ಯಾವುದರ ಗುಣವೂ ಗೊತ್ತಾಗುವುದಿಲ್ಲ.

ಫೋರ್ಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಣ ಹೋಗುವುದೂ ಮೋಸ ಹೋಗುವುದೂ ಇಲ್ಲೇ ಹೆಚ್ಚು. ನಿಮ್ಮ ಬಜೆಟ್‌ನಲ್ಲಿ 100 ಮಿ.ಮೀ. ಚಲಿಸುವ ಫೋರ್ಕ್ ಬರುತ್ತದೆ. ಕೆಲವದರಲ್ಲಿ ಕಾಯಿಲ್ ಸ್ಪ್ರಿಂಗ್, ಕೆಲವದರಲ್ಲಿ ಗಾಳಿ. ಒಳಗಿನ ಹೊಳೆಯುವ ನಳಿಗೆಗೆ ಕೇಬಲ್ ಟೈಯನ್ನು ಸಡಿಲವಾಗಿ ಕಟ್ಟಿ ಕೆಳಗಿನ ರಬ್ಬರ್ ಸೀಲಿಗೆ ಆನಿಸಿ. ಬ್ರೇಕ್ ಹಿಡಿಯದೆ ಮೆಲ್ಲಗೆ ಹತ್ತಿ, ಓಡಿಸುವ ಭಂಗಿಯಲ್ಲಿ ಒಮ್ಮೆ ನಿಂತು, ಕುಲುಕದೆ ಇಳಿಯಿರಿ. ಟೈ 15ರಿಂದ 25 ಮಿ.ಮೀ. ಮೇಲೆ ಸರಿದಿದ್ದರೆ ಫೋರ್ಕ್ ನಿಮ್ಮ ತೂಕಕ್ಕೆ ಹೊಂದುತ್ತದೆ. 5 ಮಿ.ಮೀ. ಮಾತ್ರ ಸರಿದಿದ್ದರೆ ಗಟ್ಟಿ, 35 ದಾಟಿದರೆ ಮೆತ್ತಗೆ. ಗಾಳಿ ಫೋರ್ಕಾದರೆ ಇದನ್ನು ಸರಿಪಡಿಸಬಹುದು, ಆದರೆ ಅದಕ್ಕೆ ಶಾಕ್ ಪಂಪೇ ಬೇಕು. ಟಯರಿನ ಪಂಪು ಹಾಕಿದರೆ ಒಳಗಿರುವ ಚೂರುಪಾರು ಗಾಳಿ ಪಂಪಿನ ಕೊಳವೆಗೇ ಬರುತ್ತದೆ. ಕಾಯಿಲ್ ಫೋರ್ಕಿನ ಮೇಲೆ ತಿರುಗಿಸುವ ಪ್ರೀಲೋಡ್ ಗುಂಡಿ ಇರುತ್ತದೆ. ಅದನ್ನು ತಿರುಗಿಸಿ 'ನಿಮ್ಮ ತೂಕಕ್ಕೆ ಸೆಟ್ ಮಾಡಿದೆ' ಅಂದರೆ ಪೂರ್ತಿ ನಂಬಬೇಡಿ. ಅದು ಸ್ಪ್ರಿಂಗನ್ನು ಮೊದಲೇ ಸ್ವಲ್ಪ ಒತ್ತಿಡುತ್ತದೆ ಅಷ್ಟೆ, ಸ್ಪ್ರಿಂಗಿನ ಗಡಸು ಬದಲಾಗುವುದಿಲ್ಲ. ನಿಮ್ಮ ತೂಕ ಮಧ್ಯದ್ದು, ಹೆಚ್ಚಿನ ಕಾಯಿಲ್ ಫೋರ್ಕುಗಳು ನಡೆದುಹೋಗುತ್ತವೆ. 55 ಕೆ.ಜಿ.ಯವರಿಗೂ 95 ಕೆ.ಜಿ.ಯವರಿಗೂ ಮಾತ್ರ ಈ ತೊಂದರೆ ಗಂಭೀರ.

ಬ್ರೇಕ್ ಲಿವರನ್ನು ಒಂದೇ ಬೆರಳು ಅದರ ತುದಿಗೆ ಬರುವಂತೆ ಒಳಕ್ಕೆ ಸರಿಸಿ, ಸ್ವಲ್ಪ ಕೆಳಮುಖ ಮಾಡಿ. ಮುಂದಿನ ಬ್ರೇಕ್ ಯಾವ ಕೈಗಿದೆ ಎಂದು ನಿಂತಲ್ಲೇ ನೋಡಿಕೊಳ್ಳಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಗೆ ಇರುತ್ತದೆ, ಆದರೆ ಹೊರದೇಶದ ಜೋಡಣೆಯಲ್ಲೇ ಬಂದ ಸೈಕಲ್ಲಿನಲ್ಲಿ ಅದಲುಬದಲು ಇರುವುದುಂಟು.

ಎಲ್ಲೆಲ್ಲಿ ಓಡಿಸಬೇಕು

ಮೊದಲ ಮೂರು ನಿಮಿಷ ಸಪಾಟು ರಸ್ತೆಯಲ್ಲಿ, ಕಿವಿ ತೆರೆದಿಟ್ಟು. ಪೆಡಲಿನ ಪ್ರತಿ ಸುತ್ತಿಗೂ ಒಮ್ಮೆ 'ಕಟ್' ಎಂದರೆ ಎದ್ದು ನಿಂತು ತುಳಿಯಿರಿ. ಸದ್ದು ನಿಂತರೆ ಸೀಟು ಅಥವಾ ಸೀಟ್‌ಪೋಸ್ಟ್ ಸಡಿಲ, ನಿಲ್ಲದಿದ್ದರೆ ಪೆಡಲ್, ಕ್ರ್ಯಾಂಕ್ ಅಥವಾ ಬಾಟಮ್ ಬ್ರಾಕೆಟ್ (ಕ್ರ್ಯಾಂಕ್ ತಿರುಗುವ ಬೇರಿಂಗ್). ಚಕ್ರದ ಪ್ರತಿ ಸುತ್ತಿಗೆ 'ಸರ್' ಎಂದರೆ ಡಿಸ್ಕ್ ಪ್ಯಾಡಿಗೆ ಉಜ್ಜುತ್ತಿದೆ. ಇವೆಲ್ಲ ಅಂಗಡಿಯಲ್ಲೇ ಹತ್ತು ನಿಮಿಷದಲ್ಲಿ ಸರಿಹೋಗುವಂಥವು, ಸೈಕಲ್ ಬೇಡವೆನ್ನಲು ಕಾರಣವಲ್ಲ. ಕೈ ಸಡಿಲ ಬಿಟ್ಟಾಗ ಒಂದೇ ಕಡೆಗೆ ಎಳೆದರೆ ಮೊದಲು ಮುಂದಿನ ಚಕ್ರ ಫೋರ್ಕಿನಲ್ಲಿ ಪೂರ್ತಿ ಕೂತಿದೆಯೇ ನೋಡಿ. ಚಕ್ರ ಕೂರಿಸಿ ಬಿಗಿದ ಮೇಲೂ ಎಳೆದರೆ ಆ ಫ್ರೇಮು ಬೇಡ.

ಬ್ರೇಕ್ ವಿಷಯದಲ್ಲಿ ಅವಸರ ಬೇಡ. ಹೊಸ ಪ್ಯಾಡು, ಹೊಸ ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳಲು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಹದಿನೈದಿಪ್ಪತ್ತು ಸಲ ಹಿಡಿದು ಬಿಡಬೇಕು, ಹಿಂದಿನದು ಬೇರೆ, ಮುಂದಿನದು ಬೇರೆ. ಅದಕ್ಕೆ ಮೊದಲು ಬ್ರೇಕ್ ಸಪ್ಪೆಯಾಗಿದ್ದರೆ ದೋಷವೆಂದುಕೊಳ್ಳಬೇಡಿ. ನೋಡಬೇಕಾದದ್ದು ಲಿವರಿನ ಗುಣ. ಅರ್ಧ ದೂರದೊಳಗೇ ಗಟ್ಟಿಯಾಗಬೇಕು, ಪ್ರತಿ ಸಲವೂ ಅಲ್ಲೇ ಗಟ್ಟಿಯಾಗಬೇಕು. ಹಿಡಿಕೆಯ ತನಕ ಬಂದರೆ, ಎರಡು ಮೂರು ಸಲ ಒತ್ತಿದ ಮೇಲಷ್ಟೇ ಗಟ್ಟಿಯಾದರೆ ಹೈಡ್ರಾಲಿಕ್ ಪೈಪಿನಲ್ಲಿ ಗಾಳಿ ಸೇರಿದೆ. ಅದನ್ನು ಹೊರಹಾಕಿಸದೆ ಸೈಕಲ್ ತೆಗೆದುಕೊಳ್ಳಬೇಡಿ. ಸಕಲೇಶಪುರ, ಬಿಸಿಲೆ ಕಡೆಯ ಇಳಿಜಾರಿಗೂ ಆ ಮಳೆಗೂ ಕೇಬಲ್ ಡಿಸ್ಕಿಗಿಂತ ಹೈಡ್ರಾಲಿಕ್ ಡಿಸ್ಕೇ ಬೇಕು. ಕೇಬಲ್ ಹೊದಿಕೆಯೊಳಗೆ ಕೆಸರು ಹೋದರೆ ಎಳೆತ ಬಿಗಿಯಾಗುತ್ತದೆ, ಪ್ಯಾಡು ಸವೆದಂತೆ ಆಗಾಗ ಕೈಯಾರೆ ಸರಿಪಡಿಸುತ್ತಿರಬೇಕು.

ನಂತರ ರಸ್ತೆ ಹಂಪು. ಅದರ ಮೇಲೆ 15 ಕಿ.ಮೀ. ವೇಗದಲ್ಲಿ ಒಮ್ಮೆ ಕೂತು, ಒಮ್ಮೆ ಪೆಡಲ್ ಮೇಲೆ ನಿಂತು ಹೋಗಿ. ಫೋರ್ಕ್ ಕುಸಿದು ಮೇಲೆದ್ದಾಗ 'ಟಕ್' ಎಂದು ಬಡಿದರೆ ವಾಪಸು ಬರುವ ವೇಗವನ್ನು ಹಿಡಿದಿಡುವ ವ್ಯವಸ್ಥೆ ಅದರಲ್ಲಿಲ್ಲ, ಅಥವಾ ಕೆಲಸ ಮಾಡುತ್ತಿಲ್ಲ. ಬೇರುಗಳ ಮೇಲೆ ಸಾಲಾಗಿ ಹಾಯುವಾಗ ಅಂಥ ಫೋರ್ಕ್ ಹ್ಯಾಂಡಲನ್ನು ಕೈಯಿಂದ ಆಚೆಗೆ ಒದೆಯುತ್ತದೆ.

ಎರಡು ಕಾರು ನಿಲ್ಲುವಷ್ಟು ಜಾಗದಲ್ಲಿ ಎಂಟರ ಆಕಾರದಲ್ಲಿ ನಿಧಾನಕ್ಕೆ ಸುತ್ತಿ, ಎಡಕ್ಕೆ ಎರಡು, ಬಲಕ್ಕೆ ಎರಡು ಸಲ. ಸೈಜಿನ ಗುಟ್ಟು ಬಯಲಾಗುವುದು ಇಲ್ಲೇ.

ಕೊನೆಗೆ ಬೇಸ್‌ಮೆಂಟ್ ಪಾರ್ಕಿಂಗಿನ ರ‍್ಯಾಂಪ್. ಬೆಂಗಳೂರಿನಲ್ಲಿ ಇದಕ್ಕೆ ಬರವಿಲ್ಲ. ವಾಹನ ಬಾರದ ಹೊತ್ತಿನಲ್ಲಿ, ಕೇಳಿಕೊಂಡು, ಕೂತೇ ಹತ್ತಿ. ಮುಂದಿನ ಚಕ್ರ ನೆಲ ಬಿಟ್ಟು ಅತ್ತಿತ್ತ ಅಲೆದಾಡಿದರೆ ಸೀಟಿನ ಮುಂತುದಿಗೆ ಸರಿದು ಮೊಣಕೈ ಬಾಗಿಸಿ ಇನ್ನೊಮ್ಮೆ ನೋಡಿ. ಆಗಲೂ ಅಲೆದಾಡಿದರೆ ಸೀಟು ಕಂಬಿಯ ಮೇಲೆ ತುಂಬ ಹಿಂದಿದೆ, ಇಲ್ಲವೇ ಆ ಸೈಕಲ್ ನಿಮಗೆ ಚಿಕ್ಕದು. ಇಳಿಯುವಾಗ ಸೀಟನ್ನು ಎರಡು ಇಂಚು ತಗ್ಗಿಸಿ, ಎರಡೂ ಪೆಡಲ್ ಸಮ ಮಾಡಿ ನಿಂತು, ಸೊಂಟ ಹಿಂದಕ್ಕೆ ಒಯ್ದು, ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿದು ಬನ್ನಿ. ಮುಂದಕ್ಕೆ ಮಗುಚಿಬೀಳುವ ಭಯ ಬಂದರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ತೋಟದಿಂದ ಹಳ್ಳಕ್ಕಿಳಿಯುವ ದಾರಿ ಆ ರ‍್ಯಾಂಪಿಗಿಂತ ಕಡಿದು, ಸಾಲದ್ದಕ್ಕೆ ಜಾರುತ್ತದೆ.

ಎಂ ಅಥವಾ ಎಲ್

5 ಅಡಿ 7 ಇಂಚಿನವರಿಗೆ ಹೆಚ್ಚಿನ ಕಂಪನಿಗಳ ಪಟ್ಟಿ ಎಂ ಎನ್ನುತ್ತದೆ, ಕೆಲವು ಎಂ-ಎಲ್ ಗಡಿಯಲ್ಲಿ ಬಿಡುತ್ತವೆ. ಒಂದು ಕಂಪನಿಯ ಎಂ ಇನ್ನೊಂದರ ಎಲ್‌ನಷ್ಟು ಉದ್ದ ಇರುವುದೂ ಉಂಟು. ಹಾಗಾಗಿ ಅಕ್ಷರ ಬಿಡಿ, ರೀಚ್ ಮತ್ತು ಸ್ಟ್ಯಾಕ್ ಎಂಬ ಎರಡು ಅಂಕಿ ನೋಡಿ. ಕ್ರ್ಯಾಂಕಿನ ಮಧ್ಯದಿಂದ ನೇರ ಮೇಲಕ್ಕೆ ಗೆರೆ ಎಳೆದರೆ, ಆ ಗೆರೆಯಿಂದ ಹ್ಯಾಂಡಲ್ ಕೂರುವ ಹೆಡ್‌ಟ್ಯೂಬಿನ ತುದಿಯವರೆಗಿನ ಅಡ್ಡ ದೂರ ರೀಚ್, ಎತ್ತರ ಸ್ಟ್ಯಾಕ್. ಪೆಡಲ್ ಮೇಲೆ ಎದ್ದು ನಿಂತಾಗ ಎಷ್ಟು ಜಾಗ ಸಿಗುತ್ತದೆ ಎಂಬುದನ್ನು ರೀಚ್ ಹೇಳುತ್ತದೆ. ಎಂ, ಎಲ್ ನಡುವೆ ಸಾಮಾನ್ಯವಾಗಿ 20-25 ಮಿ.ಮೀ. ವ್ಯತ್ಯಾಸ. ಅಂಕಿ ಚಿಕ್ಕದು, ಆದರೆ ಎಂಟರ ಸುತ್ತಿನಲ್ಲಿ ಎದ್ದು ಕಾಣುತ್ತದೆ.

ಸೈಕಲ್ ದೊಡ್ಡದಾದರೆ ತಿರುವಿನಲ್ಲಿ ಹೊರಗಿನ ಕೈ ನೀಟಾಗಿ ಚಾಚಿ ಭುಜವನ್ನು ಎಳೆದೊಯ್ಯುತ್ತದೆ. ಇಳಿಜಾರಿನಲ್ಲಿ ಸೊಂಟ ಹಿಂದಕ್ಕೊಯ್ದಾಗ ಮೊಣಕೈ ಬಾಗಲು ಜಾಗವೇ ಉಳಿಯುವುದಿಲ್ಲ. ಇಪ್ಪತ್ತು ನಿಮಿಷದಲ್ಲೇ ಅಂಗೈ ಜೋಮು ಹಿಡಿಯಬಹುದು. ನೆಲದ ಮೇಲೆ ಎರಡೂ ಕಾಲೂರಿ ಟಾಪ್‌ಟ್ಯೂಬ್ (ಫ್ರೇಮಿನ ಮೇಲಿನ ಅಡ್ಡಕೊಳವೆ) ದಾಟಿಸಿ ನಿಂತಾಗ ಕನಿಷ್ಠ ಎರಡು ಇಂಚು ಖಾಲಿ ಇರಬೇಕು. ಮಲೆನಾಡಿನ ಅಡ್ಡಇಳಿಜಾರಿನಲ್ಲಿ ಕಾಲೂರುವಾಗ ಒಂದು ಕಡೆ ನೆಲವೇ ಸಿಗುವುದಿಲ್ಲ, ಆಗ ಈ ಎರಡು ಇಂಚಿನ ಬೆಲೆ ಗೊತ್ತಾಗುತ್ತದೆ. ಸೈಕಲ್ ಚಿಕ್ಕದಾದರೆ ಎದ್ದು ತುಳಿಯುವಾಗ ಮಂಡಿ ಹ್ಯಾಂಡಲ್ ಹತ್ತಿರ ಬರುತ್ತದೆ, ತೂಕವೆಲ್ಲ ಮುಂದಿನ ಚಕ್ರದ ಮೇಲೆ ಬಿದ್ದಂತೆ ಅನ್ನಿಸುತ್ತದೆ, ಸೀಟ್‌ಪೋಸ್ಟನ್ನು ಅದರ ಮೇಲಿನ ಮಿತಿ ಗೆರೆಯ ತನಕ ಎತ್ತಬೇಕಾಗುತ್ತದೆ.

ಎರಡೂ ಸರಿ ಅನ್ನಿಸಿದರೆ? ನಿಮ್ಮ ಎತ್ತರಕ್ಕೆ, ನೀವು ಹೇಳಿದ ದಾರಿಗೆ, ನನ್ನ ಮತ ಎಂ. ತೋಟದ ದಾರಿಯಲ್ಲಿ ವೇಗ ಕಡಿಮೆ, ತಿರುವು ಹೆಚ್ಚು, ಪದೇ ಪದೇ ಕಾಲೂರಬೇಕು. ಎರಡೂ ಕೈ ಚಾಚಿದಾಗ ಬೆರಳ ತುದಿಯಿಂದ ತುದಿಗಿನ ಅಳತೆ ನಿಮ್ಮ ಎತ್ತರಕ್ಕಿಂತ ಎರಡು ಇಂಚಿಗೂ ಹೆಚ್ಚಿದ್ದು, ಎಂ ಸೈಕಲ್ಲಿನಲ್ಲಿ ಮಂಡಿ ತಾಗುತ್ತಿದ್ದರೆ ಮಾತ್ರ ಎಲ್ ಯೋಚಿಸಿ. ತುಸು ಉದ್ದವಾದ ಸೈಕಲ್ಲಿಗೆ ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಸೇರಿಸುವ ತುಂಡು) ಬದಲಿಸಿ ಒಂದೆರಡು ಸೆಂ.ಮೀ. ಗಿಡ್ಡ ಮಾಡಿಕೊಳ್ಳಬಹುದು. ಗಿಡ್ಡ ಸೈಕಲ್ಲಿಗೆ 100 ಮಿ.ಮೀ. ಸ್ಟೆಮ್ ಹಾಕಿ ಉದ್ದ ಮಾಡುವುದು ಬೇಡ. ಭಾರ ಮುಂದಿನ ಚಕ್ರದ ಮೇಲೆ ಜರುಗಿ ಇಳಿಜಾರಿನಲ್ಲಿ ಧೈರ್ಯ ಕೆಡುತ್ತದೆ.

ಗೇರಿನ ಲೆಕ್ಕ

ಮುಂದೆ ಒಂದೇ ಹಲ್ಲುಚಕ್ರ ಇರುವ ಸೈಕಲ್ಲುಗಳು ಈಗ ಹೆಚ್ಚು, ಅಂಗಡಿಯಲ್ಲಿ ಅದನ್ನೇ ಹೊಗಳುತ್ತಾರೆ. ಅದು ಒಳ್ಳೆಯದೇ, ಹಿಂದಿನ ಕ್ಯಾಸೆಟ್ (ಹಿಂಚಕ್ರದ ಹಲ್ಲುಚಕ್ರಗಳ ಗುಚ್ಛ) ಸಾಕಷ್ಟು ದೊಡ್ಡದಿದ್ದರೆ. ಮುಂದಿನ ಹಲ್ಲಿನ ಸಂಖ್ಯೆಯನ್ನು ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲಿನಿಂದ ಭಾಗಿಸಿ. ಮುಂದೆ 22, ಹಿಂದೆ 34 ಇರುವ ಹಳೆಯ ಬಗೆಯ ಸೈಕಲ್ಲಿಗೆ 0.65 ಬರುತ್ತದೆ. ಮುಂದೆ 32, ಹಿಂದೆ 51 ಆದರೆ 0.63. ಮುಂದೆ 32, ಹಿಂದೆ 36 ಆದರೆ 0.89. 29 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 2.3 ಮೀಟರ್ ಉರುಳುತ್ತದೆ. ಅಂದರೆ ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲ ಸೈಕಲ್ಲಿನಲ್ಲಿ ಗಂಟೆಗೆ ಸುಮಾರು 5.4 ಕಿ.ಮೀ. ವೇಗದಲ್ಲಿ ಏರಬಹುದು, ಕೊನೆಯದರಲ್ಲಿ 7.4 ಕಿ.ಮೀ. ವೇಗ ಕಾಯ್ದುಕೊಳ್ಳಲೇಬೇಕು. ಕಡಿದಾದ ಏರಿನಲ್ಲಿ ಅಷ್ಟು ಕಾಲುಬಲ ಇಲ್ಲದಿದ್ದರೆ ಇಳಿದು ತಳ್ಳುವುದೇ ಗತಿ. ಚಿಕ್ಕ ರ‍್ಯಾಂಪಿನಲ್ಲಿ ಇದು ಗೊತ್ತಾಗುವುದಿಲ್ಲ, ಹುಮ್ಮಸ್ಸಿನಲ್ಲಿ ಹತ್ತಿಬಿಡುತ್ತೀರಿ. ಹಾಗಾಗಿ ಹಲ್ಲು ಎಣಿಸಿ. ನಿಮ್ಮ ದಾರಿಗೆ 0.75ಕ್ಕಿಂತ ಹೆಚ್ಚಿದ್ದರೆ ಬೇಡ.

ರ‍್ಯಾಂಪಿನ ಬುಡದಿಂದ ಒಂದೊಂದೇ ಗೇರು ಹಗುರ ಮಾಡುತ್ತಾ ಬನ್ನಿ, ಗೇರು ಬೀಳುವ ಕ್ಷಣ ಪೆಡಲಿನ ಒತ್ತಡ ಸ್ವಲ್ಪ ತಗ್ಗಿಸಿ. ಒಂದು ಕ್ಲಿಕ್ಕಿಗೆ ಒಂದು ಗೇರು ಬೀಳಬೇಕು. ಎಲ್ಲ ಗೇರೂ ಬಿದ್ದು ನಡುವಿನ ಒಂದೆರಡು ಮಾತ್ರ ತಡವರಿಸಿದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ತೂಗುವ ಹ್ಯಾಂಗರ್ ಬಾಗಿದೆಯೇ ನೋಡಿಸಿ. ಸಾಗಣೆಯಲ್ಲಿ ಮೊದಲು ಬಾಗುವ ಭಾಗ ಅದೇ. ಹಿಂದಿನಿಂದ ಬಗ್ಗಿ ನೋಡಿದರೆ ಡಿರೇಲರಿನ ಎರಡು ಪುಟ್ಟ ಚಕ್ರಗಳು ಮೇಲಿನ ಹಲ್ಲುಚಕ್ರದ ನೇರಕ್ಕೆ ತೂಗಬೇಕು. ಅತಿ ದೊಡ್ಡ ಚಕ್ರದ ಮೇಲೆ ಚೈನು ಇದ್ದಾಗ ಡಿರೇಲರ್ ಹಿಂಚಕ್ರದ ಕಡ್ಡಿಗಳಿಗೆ ತಾಗುವಂತಿದ್ದರೆ ಅಲ್ಲಿಗೇ ನಿಲ್ಲಿಸಿ. ಏರಿನಲ್ಲಿ ಅದು ಕಡ್ಡಿಯೊಳಗೆ ಸಿಕ್ಕಿದರೆ ಚಕ್ರ, ಹ್ಯಾಂಗರ್, ಡಿರೇಲರ್ ಮೂರೂ ಹೋಗುತ್ತವೆ.

ಕಣ್ಣಿಂದ, ಕೈಯಿಂದ

ಓಡಿಸಿ ಬಂದ ಮೇಲೆ ಹತ್ತು ನಿಮಿಷ ಸೈಕಲ್ ಪಕ್ಕದಲ್ಲಿ ಕೂತುಕೊಳ್ಳಿ. ಮುಂದಿನ ಬ್ರೇಕ್ ಹಿಡಿದು, ಇನ್ನೊಂದು ಕೈಯ ಬೆರಳನ್ನು ಹೆಡ್‌ಸೆಟ್ಟಿನ (ಹ್ಯಾಂಡಲ್ ತಿರುಗುವ ಬೇರಿಂಗ್) ಸಂದಿಗಿಟ್ಟು, ಸೈಕಲ್ಲನ್ನು ಹಿಂದೆಮುಂದೆ ತಳ್ಳಿ. ಬೆರಳಿಗೆ ಕುಲುಕಾಟ ತಿಳಿದರೆ ಹೆಡ್‌ಸೆಟ್ ಸಡಿಲ. ಕ್ರ್ಯಾಂಕ್ ತೋಳನ್ನು ಫ್ರೇಮಿನ ಕಡೆಗೆ ಒತ್ತಿ ಎಳೆಯಿರಿ, ಆಡಬಾರದು. ಚಕ್ರ ಎತ್ತಿ ತಿರುಗಿಸಿ, ಫ್ರೇಮಿನ ಪಕ್ಕದಲ್ಲಿ ರಿಮ್ಮು ಅಲೆದರೆ ಔಟ್ ತೆಗೆಸಿ. ಹಿಂದಿನ ಟಯರಿಗೂ ಫ್ರೇಮಿನ ಎರಡು ಕೊಂಬಿಗೂ ನಡುವೆ ಕಿರುಬೆರಳು ಹೋಗಬೇಕು. ಮಲೆನಾಡಿನ ಕೆಮ್ಮಣ್ಣು ಮಳೆಯಲ್ಲಿ ಅಲ್ಲೇ ಮೆತ್ತಿಕೊಂಡು ಚಕ್ರ ಹಿಡಿಯುತ್ತದೆ.

ಹಿಂದಿನ ಹಬ್ ಯಾವ ಬಗೆಯದು ಎಂದು ತಿಳಿಯುವುದು ಮುಖ್ಯ. ಸ್ಕ್ರೂನಂತೆ ಕೂರುವ ಫ್ರೀವೀಲ್ ಆದರೆ ಬಲಬದಿಯ ಬೇರಿಂಗ್ ತುಂಬ ಒಳಗಿರುತ್ತದೆ, ಆಚೆ ಉಳಿದ ಅಚ್ಚು ಕಚ್ಚಾ ರಸ್ತೆಯಲ್ಲಿ ಬಾಗುತ್ತದೆ, ಮುರಿಯುತ್ತದೆ. ಕ್ಯಾಸೆಟ್ ಹಬ್‌ನಲ್ಲಿ ಬೇರಿಂಗ್ ತುದಿಗೇ ಇರುತ್ತದೆ. ಗುರುತಿಸಲು, ಚಕ್ರ ನಿಲ್ಲಿಸಿ ಹಲ್ಲುಚಕ್ರಗಳನ್ನು ಹಿಂದಕ್ಕೆ ತಿರುಗಿಸಿ. ಅತಿ ಚಿಕ್ಕ ಚಕ್ರದ ನಡುವೆ ಟೂಲು ಕೂರುವ ಗೀರುಗಳಿರುವ ಭಾಗ ಜೊತೆಗೇ ತಿರುಗಿದರೆ ಕ್ಯಾಸೆಟ್, ನಿಂತಲ್ಲೇ ನಿಂತರೆ ಫ್ರೀವೀಲ್. ಹಿಂದೆ 7 ಗೇರಿನ ಸೈಕಲ್ಲುಗಳಲ್ಲಿ ಫ್ರೀವೀಲೇ ಸಾಮಾನ್ಯ. 45 ಸಾವಿರ ಕೊಟ್ಟು ಫ್ರೀವೀಲ್ ತರಬೇಡಿ.

ಕೈಪಿಡಿ ಕೇಳಿ ನೋಡಿ. ಹಲವು ಕಂಪನಿಗಳು ಸೈಕಲ್ಲಿನ ಬಳಕೆಯನ್ನು 'ಕಂಡೀಷನ್' ಎಂಬ ಅಂಕಿಯಲ್ಲಿ ಹೇಳುತ್ತವೆ. 1 ಎಂದರೆ ಡಾಂಬರು ಮಾತ್ರ. 2 ಎಂದರೆ ಮಣ್ಣು, ಜಲ್ಲಿ, 15 ಸೆಂ.ಮೀ.ಗಿಂತ ಕಡಿಮೆ ಎತ್ತರದಿಂದ ಇಳಿಯುವುದು. 3 ಎಂದರೆ ಕಲ್ಲುಬೇರಿನ ಒರಟು ದಾರಿ, 61 ಸೆಂ.ಮೀ.ವರೆಗೆ. ಎಂಟಿಬಿ ರೂಪದ ಸೈಕಲ್ಲುಗಳಲ್ಲೂ 2ರವು ಇವೆ. ತೋಟದ ಜೀಪ್ ದಾರಿಗೆ 2 ಸಾಕು, ಬೇರು ಕಲ್ಲಿನ ಕಾಲುದಾರಿಗೆ ಇಳಿಯುವಿರಾದರೆ 3 ಬೇಕು.

ಸೀಟು ಹಿಡಿಸಲಿಲ್ಲವೆಂದು ಸೈಕಲ್ ಬಿಡಬೇಡಿ, ಸೀಟನ್ನು ಯಾವಾಗ ಬೇಕಾದರೂ ಬದಲಿಸಬಹುದು. ಫ್ರೇಮಿನ ಸೈಜು ಬದಲಾಗದು.

6 ಸಾವಿರದ ಪ್ರಶ್ನೆ

ಆನ್‌ಲೈನ್ ಸೈಕಲ್ ಮುಕ್ಕಾಲು ಜೋಡಿಸಿದ ಸ್ಥಿತಿಯಲ್ಲಿ ಡಬ್ಬದಲ್ಲಿ ಬರುತ್ತದೆ. ಉಳಿದ ಕಾಲು ಭಾಗದಲ್ಲೇ ಎಡವಟ್ಟಾಗುವುದು. ಫೋರ್ಕ್ ಹಿಂದುಮುಂದಾಗಿ ಕೂರಿಸಿದ ಸೈಕಲ್ಲುಗಳನ್ನು ರಸ್ತೆಯಲ್ಲಿ ಈಗಲೂ ನೋಡಬಹುದು. ಮುಂದಿನ ಡಿಸ್ಕ್ ಓಡಿಸುವವರ ಎಡಕ್ಕೆ ಇರಬೇಕು. ಎಡ ಪೆಡಲಿನ ತಿರುಪಿನ ಮರೆ ಉಲ್ಟಾ, ಅದು ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ ಬಲವಂತ ಮಾಡಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಮರೆ ಕಿತ್ತು ಕ್ರ್ಯಾಂಕೇ ಹೋಗುತ್ತದೆ.

ಅಂಗಡಿಯ 'ಒಂದು ವರ್ಷ ಫ್ರೀ ಸರ್ವಿಸ್' ಹಾಸನದಲ್ಲಿರುವ ನಿಮಗೆ ಹೆಚ್ಚು ಬೆಲೆ ಬಾಳುವುದಿಲ್ಲ. ಗೇರು ತಿರುಗಿಸಲು 180 ಕಿ.ಮೀ. ಯಾರೂ ಹೋಗುವುದಿಲ್ಲ. ನಿಮಗೆ ಅಂಗಡಿಯಿಂದ ಸಿಗುವುದು ಬೇರೆ: ಎರಡು ಸೈಜನ್ನು ಒಂದರ ಹಿಂದೊಂದು ಓಡಿಸುವ ಅವಕಾಶ, ಹಣ ಕೊಡುವ ಮೊದಲೇ ದೋಷ ಸರಿಪಡಿಸಿಕೊಳ್ಳುವ ಅನುಕೂಲ, ಬೇಕಾದರೆ ಸ್ಟೆಮ್ ಬದಲಿ. ತಪ್ಪು ಸೈಜು ಮನೆಗೆ ಬಂದರೆ ವಾಪಸು ಕಳಿಸುವ ಪ್ಯಾಕಿಂಗ್ ಗೋಳು ಒಂದು ಕಡೆ, ಮಾರಿದರೆ ಆಗುವ ನಷ್ಟ 6 ಸಾವಿರಕ್ಕೆ ನಿಲ್ಲುವುದಿಲ್ಲ. ಅಂಗಡಿಯಲ್ಲಿ ಒಂದು ಗಂಟೆ ಓಡಿಸಿ, ಮೆಕ್ಯಾನಿಕ್ ಕೈಲಿ ಕೆಲಸ ಮಾಡಿಸಿ, ಮನೆಗೆ ಬಂದು ಆನ್‌ಲೈನ್‌ನಲ್ಲಿ ಆರ್ಡರ್ ಹಾಕುವುದು ನನಗಂತೂ ಸರಿಕಾಣದು. ಫ್ರೀ ಸರ್ವಿಸ್ ಬೇಡ, ಅದರ ಬದಲು ಬೆಲೆ ಇಳಿಸಿ, ಅಥವಾ ಶಾಕ್ ಪಂಪ್, ಹೆಲ್ಮೆಟ್, ಎರಡು ಟ್ಯೂಬು ಕೊಡಿ ಎಂದು ನೇರವಾಗಿ ಕೇಳಿ. ಹೆಚ್ಚಿನವರು ಒಪ್ಪುತ್ತಾರೆ.

ಬೆಂಗಳೂರಿಗೆ ಹೋಗಲು ಸಾಧ್ಯವೇ ಇಲ್ಲ ಎಂದಾದರೆ ಹಾಸನದಲ್ಲೇ ಯಾರದಾದರೂ ಎಂಟಿಬಿ ಅರ್ಧ ದಿನ ಎರವಲು ಪಡೆದು, ಸೀಟು ಹೊಂದಿಸಿ ಓಡಿಸಿ. ಅದರ ಮಾಡೆಲ್, ವರ್ಷ, ಸೈಜು ಹಿಡಿದು ಕಂಪನಿಯ ತಾಣದಲ್ಲಿ ರೀಚ್, ಸ್ಟ್ಯಾಕ್ ತೆಗೆಯಿರಿ. ಅದು ಉದ್ದವಾಯಿತೇ, ಗಿಡ್ಡವಾಯಿತೇ ಎಂಬ ಅನುಭವವನ್ನು ಹೊಸ ಸೈಕಲ್ಲಿನ ಅಂಕಿಗಳಿಗೆ ಹೋಲಿಸಿ. ಸ್ಟ್ಯಾಕ್ ಬೇರೆಯಾಗಿದ್ದರೆ, ಪ್ರತಿ 10 ಮಿ.ಮೀ. ಹೆಚ್ಚಿನ ಸ್ಟ್ಯಾಕಿಗೆ ರೀಚಿನ ಅಂಕಿಗೆ ಸುಮಾರು 4 ಮಿ.ಮೀ. ಕೂಡಿಸಿ ಹೋಲಿಸಬೇಕು, ಹೆಡ್‌ಟ್ಯೂಬ್ ಹಿಂದಕ್ಕೆ ವಾಲಿರುವುದೇ ಕಾರಣ. ಒಂದೇ ಹೆಸರಿನ ಮಾಡೆಲ್ಲಿನ ಅಳತೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ, ಹಾಗಾಗಿ ವರ್ಷ ಮರೆಯಬೇಡಿ.

ಬೆಂಗಳೂರಿನಿಂದ ಕಾರಿನಲ್ಲಿ ತರುವುದಾದರೆ ಮುಂದಿನ ಚಕ್ರ ಬಿಚ್ಚಿದ ಕೂಡಲೇ ಬ್ರೇಕ್ ಪ್ಯಾಡುಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಿ. ಡಿಸ್ಕ್ ಇಲ್ಲದಿರುವಾಗ ಲಿವರ್ ಒತ್ತಿದರೆ ಪಿಸ್ಟನ್ ಹೊರಬಂದು ಚಕ್ರ ಮತ್ತೆ ಕೂರುವುದಿಲ್ಲ. ಸೈಕಲ್ಲನ್ನು ಡಿರೇಲರ್ ಇರುವ ಬಲಬದಿ ಮೇಲಾಗುವಂತೆ ಮಲಗಿಸಿ, ತಲೆಕೆಳಗಾಗಿ ಬೇಡ. ಡಿಸ್ಕನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೈಯ ಜಿಡ್ಡು ಹತ್ತಿದರೆ ಬ್ರೇಕ್ ಕಿರುಚುತ್ತದೆ. ಮೊದಲ ನೂರು ಕಿ.ಮೀ. ಆದ ಮೇಲೆ ಗೇರ್ ಕೇಬಲ್ ಸಡಿಲಗೊಂಡು ಗೇರು ತಡವಾಗಿ ಬೀಳುವುದು ಸಹಜ. ಶಿಫ್ಟರಿನಲ್ಲೋ ಡಿರೇಲರಿನಲ್ಲೋ ಕೇಬಲ್ ಒಳಹೋಗುವ ಕಡೆ ಇರುವ ಗುಂಡು ತಿರುಪನ್ನು ಹೊರಕ್ಕೆ ಕಾಲು ಸುತ್ತು ತಿರುಗಿಸಿದರೆ ಸರಿಹೋಗುತ್ತದೆ. ಸ್ಟೆಮ್ ಬೋಲ್ಟುಗಳನ್ನು ಅದೇ ದಿನ 5 ನ್ಯೂಟನ್ ಮೀಟರಿಗೆ ಒಮ್ಮೆ ನೋಡಿಕೊಳ್ಳಿ. ಸ್ಟೆಮ್ ಮೇಲೆ ಬೇರೆ ಅಂಕಿ ಅಚ್ಚಾಗಿದ್ದರೆ ಅದೇ ಲೆಕ್ಕ.